ಮುರಿದ ರಿಮೋಟ್ ಕಾರಿನಿಂದ ಕ್ಯಾಮೆರಾದ ಬಟನ್ ಒತ್ತಿಸೋದು ಹೇಗೆ?

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ ತೋಟದ ಮನೆ. ಬಾವಿಕಟ್ಟೆಯ ಪಕ್ಕ ಹಕ್ಕಿಗಳಿಗೆ ಅಂತ ಮಣ್ಣಿನ ತಟ್ಟೆಯಲ್ಲಿ ನೀರಿಡುತ್ತೇನೆ. ಪಿಕಳಾರ, ಮಡಿವಾಳ ಹಕ್ಕಿ ದಿನಾ ಬರುತ್ತವೆ. ಒಮ್ಮೊಮ್ಮೆ ಕೆಂಬೂತವೂ ಬರುತ್ತದೆ. ನನ್ನ ಹತ್ತಿರ ಇರುವುದು ಕ್ಯಾನನ್ 1200ಡಿ, ಅದರ ಜೊತೆ ಬಂದ 18-55 ಲೆನ್ಸ್ ಮಾತ್ರ. ಹತ್ತಿರ ಹೋದರೆ ಹಕ್ಕಿ ಹಾರುತ್ತದೆ, ದೂರ ನಿಂತರೆ ಫೋಟೋದಲ್ಲಿ ಚುಕ್ಕೆ. ಮಗನ ಹಳೇ ರಿಮೋಟ್ ಕಾರು ಅಟ್ಟದಲ್ಲಿದೆ. ಚಕ್ರ ಮುರಿದಿದೆ, ರಿಮೋಟ್ ಸರಿ ಇದೆ. ಕಾರಿನ ಮೋಟಾರಿಗೆ ಹೋಗುವ ಎರಡು ವೈರನ್ನು ಕ್ಯಾಮೆರಾದ ರಿಮೋಟ್ ತೂತಿಗೆ ಕೊಟ್ಟರೆ ಸಾಕು ಅಂತ ಪರಿಚಯದವರೊಬ್ಬರು ಹೇಳಿದರು. ಸರಿಯಾ? ಸೋಲ್ಡರಿಂಗ್ ಸ್ವಲ್ಪ ಬರುತ್ತದೆ.

ಉತ್ತರ: ಪರಿಚಯದವರ ಮಾತು ಅರ್ಧ ಸರಿ, ಆದರೆ ತಪ್ಪಿರುವ ಅರ್ಧ ನಿಮ್ಮ ಕ್ಯಾಮೆರಾವನ್ನು ಸುಡಬಹುದು. ಮೋಟಾರಿನ ವೈರ್ ಸೀದಾ ಕ್ಯಾಮೆರಾಕ್ಕೆ ಹೋಗಬಾರದು. ಉಳಿದದ್ದೆಲ್ಲ ಆಗುವ ಕೆಲಸವೇ. ಒಂದು ಭಾನುವಾರ ಬೇಕು. ಅದರಲ್ಲೂ ಅರ್ಧ ದಿನ ನೆಲಕ್ಕೆ ಬಿದ್ದ ಸ್ಕ್ರೂ ಹುಡುಕಲು ಹೋಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಕ್ಯಾಮೆರಾದ ಎಡಬದಿಯ ರಬ್ಬರ್ ಮುಚ್ಚಳ ತೆಗೆದರೆ ಒಂದು ಸಣ್ಣ ಗುಂಡನೆಯ ತೂತು ಕಾಣುತ್ತದೆ. ಇಯರ್‌ಫೋನಿನ ತೂತಿನ ತಮ್ಮನ ಹಾಗೆ. ಅದು 2.5 ಮಿಲಿಮೀಟರಿನದು. ಮೊಬೈಲಿನ ಇಯರ್‌ಫೋನ್ ಪಿನ್ 3.5, ಅದು ಇದರೊಳಗೆ ಹೋಗುವುದಿಲ್ಲ. ಒಳಗೆ ಮೂರು ಸಂಪರ್ಕ ಇವೆ. ಪಿನ್ನಿನ ತುದಿಗೆ ತಾಗುವುದು ಶಟರ್. ನಡುವಿನ ಉಂಗುರಕ್ಕೆ ತಾಗುವುದು ಫೋಕಸ್, ಅಂದರೆ ಬಟನನ್ನು ಅರ್ಧ ಒತ್ತಿದ ಹಾಗೆ. ಬುಡದ ಉದ್ದ ಭಾಗ ಗ್ರೌಂಡ್. ಉಂಗುರವನ್ನು ಬುಡಕ್ಕೆ ತಾಗಿಸಿದರೆ ಫೋಕಸ್ ಆಗುತ್ತದೆ, ತುದಿಯನ್ನು ಬುಡಕ್ಕೆ ತಾಗಿಸಿದರೆ ಫೋಟೋ ಬೀಳುತ್ತದೆ. ಅಷ್ಟೇ ಕಥೆ. ಕ್ಯಾನನ್ನಿನವರೇ ಇದಕ್ಕೆ ಮಾರುವ ಆರ್‌ಎಸ್-60ಇ3 ಅನ್ನುವ ವೈರ್ ಸ್ವಿಚ್ಚನ್ನು ಬಿಚ್ಚಿ ನೋಡಿದರೆ ಒಳಗೆ ಬ್ಯಾಟರಿ ಇಲ್ಲ, ಐಸಿ ಅಂದರೆ ಚಿಪ್ ಕೂಡ ಇಲ್ಲ. ಮೂರು ತಗಡಿನ ಎಲೆ. ಮೆಲ್ಲ ಒತ್ತಿದರೆ ಎರಡು ತಾಗುತ್ತವೆ, ಗಟ್ಟಿಯಾಗಿ ಒತ್ತಿದರೆ ಮೂರನೆಯದೂ ತಾಗುತ್ತದೆ.

ಅಂದರೆ ಕ್ಯಾಮೆರಾಕ್ಕೆ ಹೊರಗಿನ ಕರೆಂಟ್ ಬೇಡ. ತನ್ನದೇ ಮೂರು ವೋಲ್ಟ್ ಆಸುಪಾಸಿನ ಸಣ್ಣ ವೋಲ್ಟೇಜನ್ನು ಆ ತೂತಿನ ಬಾಗಿಲಲ್ಲಿ ಇಟ್ಟುಕೊಂಡು ಯಾರಾದರೂ ಗ್ರೌಂಡಿಗೆ ತಾಗಿಸಲಿ ಅಂತ ಕೂತಿರುತ್ತದೆ. ಕಾರಿನ ಮೋಟಾರ್ ವೈರಿನಲ್ಲಿ ಬರುವುದು ನಾಲ್ಕು ಸೆಲ್ಲಿನ ಹತ್ತಿರ ಹತ್ತಿರ 6 ವೋಲ್ಟ್. ರಿವರ್ಸ್ ಬಟನ್ ಒತ್ತಿದರೆ ಅದೇ ವೈರಿನಲ್ಲಿ ಪ್ಲಸ್ ಮೈನಸ್ ಅದಲುಬದಲು. ಅದನ್ನು ಕ್ಯಾಮೆರಾದೊಳಗೆ ನುಗ್ಗಿಸಿದರೆ ಹೋಗುವುದು ಎರಡು ರೂಪಾಯಿಯ ಬಿಡಿಭಾಗ ಅಲ್ಲ ಮಾರಾಯ್ರೆ, ಇಡೀ ಬೋರ್ಡ್. ಕಾರಿನ ಕರೆಂಟ್ ಕಾರಿನ ಕಡೆಯೇ ಉಳಿಯಬೇಕು, ಕ್ಯಾಮೆರಾದ ಕಡೆಗೆ ಬರೀ ಸ್ವಿಚ್ ದಾಟಬೇಕು. ಈ ಒಂದು ವಿಷಯ ಗಟ್ಟಿಯಾದರೆ ಮುಂದೆ ನೀವು ಎಲ್ಲಿ ತಪ್ಪಿದರೂ ಕೆಡುವುದು ಆಟಿಕೆ ಮಾತ್ರ.

ಈಗ ಕೆಲಸಕ್ಕೆ ಬರೋಣ. ಕಾರನ್ನು ಈಗಲೇ ಬಿಚ್ಚಬೇಡಿ. ಮೊದಲು ಪಿನ್.

2.5 ಮಿಲಿಮೀಟರ್ ಪಿನ್ ಎಲ್ಲಿ ಸಿಗುತ್ತದೆ ಅಂದರೆ, ಹಳೇ ಕೀಪ್ಯಾಡ್ ಮೊಬೈಲುಗಳ ಹ್ಯಾಂಡ್ಸ್‌ಫ್ರೀಯಲ್ಲಿ. ಮನೆಯ ಯಾವುದಾದರೂ ಡ್ರಾಯರಿನಲ್ಲಿ ಒಂದು ಇದ್ದೇ ಇರುತ್ತದೆ. ಪಿನ್ನಿನ ಮೇಲೆ ಕಪ್ಪು ಗೆರೆ ಎಷ್ಟಿವೆ ಎಣಿಸಿ. ಎರಡು ಗೆರೆ ಇದ್ದರೆ ಮೂರು ಭಾಗ, ಅದೇ ನಮಗೆ ಬೇಕಾದದ್ದು. ಮೂರು ಗೆರೆ ಇದ್ದರೆ ಬಿಡಿ. ಆದರೆ ಹ್ಯಾಂಡ್ಸ್‌ಫ್ರೀ ವೈರಿನಲ್ಲಿ ಒಂದು ಕಿರಿಕಿರಿ ಉಂಟು. ಒಳಗಿನ ಎಳೆಗಳು ಕೂದಲಿನಷ್ಟು ಸಪೂರ. ಕೆಂಪು, ಹಸಿರು, ತಾಮ್ರದ ಬಣ್ಣದಲ್ಲಿ ಚಂದ ಕಾಣುತ್ತವೆ. ಆ ಬಣ್ಣ ವಾರ್ನಿಶ್. ಅದರ ಮೇಲೆ ಸೋಲ್ಡರ್ ಹಿಡಿಯುವುದಿಲ್ಲ, ಹನಿ ಕಟ್ಟಿ ಜಾರುತ್ತದೆ. ಬಿಸಿ ಐರನ್ನಿನ ತುದಿಯಲ್ಲಿ ಸ್ವಲ್ಪ ಸೋಲ್ಡರ್ ಹನಿ ನಿಲ್ಲಿಸಿ, ಎಳೆಯ ತುದಿಯನ್ನು ಆ ಹನಿಯೊಳಗೆ ಮೂರು ನಾಲ್ಕು ಸೆಕೆಂಡ್ ಅದ್ದಿ ಹಿಡಿಯಿರಿ. ಸಣ್ಣ ಹೊಗೆ ಬಂದು ವಾರ್ನಿಶ್ ಸುಟ್ಟು, ಎಳೆ ಬೆಳ್ಳಗಾಗುತ್ತದೆ. ಆಮೇಲೆ ಸಲೀಸು. ಇಷ್ಟೆಲ್ಲ ತಾಪತ್ರಯ ಬೇಡ ಅಂದರೆ ಆನ್‌ಲೈನಿನಲ್ಲಿ ಸಿಗುವ ಅಗ್ಗದ ವೈರ್ ಸ್ವಿಚ್ ಒಂದನ್ನು ತರಿಸಿ ಕತ್ತರಿಸಿ. ಅದರ ವೈರ್ ದಪ್ಪ, ಸೋಲ್ಡರ್ ಬೇಗ ಹಿಡಿಯುತ್ತದೆ. ಯಾವ ಬಣ್ಣ ಯಾವ ಭಾಗಕ್ಕೆ ಅಂತ ಮಲ್ಟಿಮೀಟರ್ ಇಟ್ಟು ನೋಡಿ. ಬಣ್ಣ ನಂಬಬೇಡಿ, ಒಬ್ಬೊಬ್ಬರು ಒಂದೊಂದು ಹಾಕಿರುತ್ತಾರೆ.

ಮೂರು ವೈರ್ ಹೊರಗೆ ಬಂದ ಮೇಲೆ ಪಿನ್ನನ್ನು ಕ್ಯಾಮೆರಾಕ್ಕೆ ಹಾಕಿ, ಲೆನ್ಸನ್ನು ಎಂಎಫ್‌ಗೆ, ಅಂದರೆ ಕೈಯಲ್ಲೇ ಫೋಕಸ್ ಮಾಡುವ ಕಡೆಗೆ ತಿರುಗಿಸಿ, ತುದಿಯ ವೈರನ್ನೂ ಬುಡದ ವೈರನ್ನೂ ಕೈಯಲ್ಲೇ ತಾಗಿಸಿ ನೋಡಿ. ಕ್ಲಿಕ್ ಅಂದಿತಾ? ಮುಕ್ಕಾಲು ಕೆಲಸ ಮುಗಿಯಿತು. ಅನ್ನಲಿಲ್ಲವಾದರೆ ಮುಂದೆ ಹೋಗಬೇಡಿ. ಇಲ್ಲಿ ಸರಿಯಾಗದ್ದು ರಿಮೋಟ್ ಜೋಡಿಸಿದ ಮೇಲೆ ಖಂಡಿತ ಸರಿಯಾಗುವುದಿಲ್ಲ, ತಪ್ಪು ಎಲ್ಲಿದೆ ಅಂತ ಹುಡುಕುವುದು ಮಾತ್ರ ಕಷ್ಟವಾಗುತ್ತದೆ.

(ಬೇರೆ ಕ್ಯಾಮೆರಾದವರಿಗೆ ಒಂದು ಮಾತು. ನಿಕಾನ್, ಸೋನಿ, ಕ್ಯಾನನ್ನಿನ ದೊಡ್ಡ ಮಾಡೆಲ್‌ಗಳ ತೂತು ಬೇರೆ ಬೇರೆ ಆಕಾರದ್ದು. ಅವಕ್ಕೆ ಆಯಾ ಮಾಡೆಲಿನ ವೈರ್ ಸ್ವಿಚ್ ತಂದು ಕತ್ತರಿಸುವುದೇ ದಾರಿ. ಮುಂದಿನದ್ದೆಲ್ಲ ಒಂದೇ.)

ಈಗ ಕಾರು ಬಿಚ್ಚಿ. ಜಾತ್ರೆಯಲ್ಲೋ ರಥಬೀದಿಯ ಅಂಗಡಿಯಲ್ಲೋ ತಂದ ಕಾರಾದರೆ ಹೊಟ್ಟೆಯ ಕಡೆ ನಾಲ್ಕರಿಂದ ಆರು ಸ್ಕ್ರೂ ಇರುತ್ತವೆ. ಒಂದು ಸ್ಟಿಕ್ಕರಿನ ಕೆಳಗೆ ಅಡಗಿರುತ್ತದೆ, ಅದು ಸಿಗದೆ ಜನ ಬಾಡಿಯನ್ನೇ ಒಡೆಯುತ್ತಾರೆ. ಹಿಂದಿನ ಅಚ್ಚಿಗೆ ಕೂದಲು, ತೆಂಗಿನ ನಾರು ಸುತ್ತಿಕೊಂಡಿರುತ್ತದೆ. ಅದನ್ನು ಬಿಡಿಸುವ ಅಗತ್ಯ ಇಲ್ಲ, ಚಕ್ರ ಹೇಗೂ ನಮಗೆ ಬೇಡ. ಸೆಲ್ ಹಾಕುವ ಜಾಗ ನೋಡಿ. ಅಟ್ಟದಲ್ಲಿ ಎರಡು ಮಳೆಗಾಲ ಕಳೆದ ಕಾರಾದರೆ ಸ್ಪ್ರಿಂಗಿನ ಮೇಲೆ ಬಿಳಿ ಇಲ್ಲವೇ ಹಸಿರು ಪುಡಿ ಕೂತಿರುವುದು ಗ್ಯಾರಂಟಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ, ಜೊತೆಗೆ ಉಪ್ಪು ಗಾಳಿ. ತಾಮ್ರ ಸುಮ್ನೆ ಬಿಟ್ಟರೂ ಹಸಿರಾಗುತ್ತದೆ. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಸ್ಪಿರಿಟ್ ಹಚ್ಚಿ ಒರೆಸಿ. ಆಲ್ಕಲೈನ್ ಸೆಲ್ ಸೋರಿದ ಬಿಳಿ ಪುಡಿಯಾದರೆ ಒಂದು ಹನಿ ವಿನೆಗರ್ ಹಾಕಿದರೆ ನೊರೆ ಬಂದು ಬಿಡುತ್ತದೆ. ಆಮೇಲೆ ಚೆನ್ನಾಗಿ ಒಣಗಿಸಿ. ಸ್ಪ್ರಿಂಗ್ ತೀರಾ ಕರಗಿದ್ದರೆ ಗುಜರಿಗೆ ಹಾಕುವ ಇನ್ನೊಂದು ಆಟಿಕೆಯಿಂದ ಸೆಲ್ ಗೂಡನ್ನೇ ಕಿತ್ತು ತನ್ನಿ.

ಒಳಗೆ ಬೆರಳುದ್ದದ ಒಂದು ಬೋರ್ಡ್. ಅದರಿಂದ ಹಿಂದಿನ ಮೋಟಾರಿಗೆ ಎರಡು ವೈರ್, ಮುಂದಿನ ಸ್ಟಿಯರಿಂಗಿಗೆ ಎರಡು ವೈರ್, ಸೆಲ್ಲಿಗೆ ಎರಡು, ಮತ್ತೆ ಒಂಟಿಯಾಗಿ ಒಂದು ಉದ್ದ ವೈರ್. ಆ ಒಂಟಿ ವೈರ್ ಆಂಟೆನಾ. ಅದನ್ನು ಕತ್ತರಿಸಬೇಡಿ, ಉದ್ದ ಮಾಡಲೂ ಹೋಗಬೇಡಿ. ಬೋರ್ಡಿನ ಮೇಲೆ ಮೇಣ ಸುರಿದ ಒಂದು ಸಣ್ಣ ತಂತಿ ಸುರುಳಿ ಕಾಣುತ್ತದೆ. ಅದನ್ನು ಕೆದಕಬೇಡಿ. ಕಾರ್ಖಾನೆಯವರು ರಿಮೋಟಿನ ತರಂಗಕ್ಕೆ ಸರಿಯಾಗಿ ಕೂಡಿಸಿ, ಅಲ್ಲಾಡದಿರಲಿ ಅಂತ ಮೇಣ ಹಾಕಿರುತ್ತಾರೆ. ಅದು ಕದಲಿತೋ, ಹದಿನೈದು ಮೀಟರ್ ಓಡುತ್ತಿದ್ದದ್ದು ಎರಡು ಮೀಟರಿಗೆ ಬಂದು ನಿಲ್ಲುತ್ತದೆ.

ರಿಮೋಟನ್ನೂ ಒಮ್ಮೆ ಬಿಚ್ಚಿ ನೋಡಿ. ಒಳಗೆ ಬೆಳ್ಳಿ ಬಣ್ಣದ ಸಣ್ಣ ಡಬ್ಬಿಯ ಹಾಗಿರುವ ಕ್ರಿಸ್ಟಲ್ ಮೇಲೆ 27.145 ಅಂತಲೋ 40 ಚಿಲ್ಲರೆಯೋ ಬರೆದಿದ್ದರೆ ಅದು ಹಳೇ ಜಾತಿಯ ಆಟಿಕೆ. ಅದೇ ಮೆಗಾಹರ್ಟ್ಸ್ ಲೆಕ್ಕ. ಅಂಥದ್ದೇ ಸಿಕ್ಕರೆ ನಮ್ಮ ಅದೃಷ್ಟ. ನಮ್ಮ ದೇಶದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್ ನಡುವೆ 5 ವ್ಯಾಟ್ ಒಳಗಿನ ಉಪಕರಣಕ್ಕೆ ಲೈಸೆನ್ಸ್ ಬೇಡ, ಆಟಿಕೆಯ ರಿಮೋಟ್ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಕ್ರಿಸ್ಟಲ್ ಮೇಲೆ ಇಂಥದ್ದೇನೂ ಇಲ್ಲದೆ ರಿಮೋಟಿನ ಹೊರಗೆ 2.4 ಗಿಗಾಹರ್ಟ್ಸ್ ಅಂತ ಬರೆದಿದ್ದರೆ ಹೊಸ ಜಾತಿ. ಅದರಿಂದಲೂ ಆಗುತ್ತದೆ, ವ್ಯತ್ಯಾಸ ಕೊನೆಗೆ ಹೇಳುತ್ತೇನೆ. ಕೈಯಲ್ಲಿ ಹಾರಿಸುವ ಸಣ್ಣ ಹೆಲಿಕಾಪ್ಟರ್‌ಗಳಲ್ಲಿ ಸುಮಾರು ಇನ್‌ಫ್ರಾರೆಡ್ ಇರುತ್ತದೆ, ಟಿವಿ ರಿಮೋಟಿನ ಹಾಗೆ. ಬಿಸಿಲಿಗೆ ಅದು ಕುರುಡು. ಹೊರಗಿನ ಕೆಲಸಕ್ಕೆ ಬೇಡ.

ಹಳೇ ಜಾತಿಯ ಕಾರಿನ ಬೋರ್ಡಿನಲ್ಲಿ ಹದಿನಾರು ಕಾಲಿನ ಐಸಿ ಕಂಡರೆ ಅದರ ಬೆನ್ನು ಓದಿ. ಆರ್‌ಎಕ್ಸ್-2 ಅಂತ ಎಲ್ಲಾದರೂ ಕಾಣುತ್ತದೆ. ರಿಮೋಟಿನಲ್ಲಿ ಅದರ ಜೋಡಿ ಟಿಎಕ್ಸ್-2. ಎಷ್ಟೋ ವರ್ಷ ಅಗ್ಗದ ಕಾರುಗಳ ಮಿದುಳು ಇದೇ ಜೋಡಿಯಾಗಿತ್ತು. ಇದು ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಮಗೆ ಉಪಯೋಗವೂ ಉಂಟು.

ರಿಮೋಟಿನಲ್ಲಿ "ಮುಂದೆ" ಬಟನ್ ಒತ್ತಿದರೆ ಅದು "ಮುಂದೆ ಹೋಗು" ಅಂತ ಹೇಳುವುದಿಲ್ಲ, ಎಣಿಸುತ್ತದೆ. ಮೊದಲು ನಾಲ್ಕು ಉದ್ದ ಮಿಡಿತ, ಒಂದೊಂದು 2 ಮಿಲಿಸೆಕೆಂಡಿನದು. ಎಣಿಕೆ ಶುರು ಅಂತ ಸೂಚನೆ. ಆಮೇಲೆ 1 ಮಿಲಿಸೆಕೆಂಡಿನ ಗಿಡ್ಡ ಮಿಡಿತಗಳು. ಮುಂದೆ ಹೋಗಲು 10 ಮಿಡಿತ. ಹಿಂದೆ ಬರಲು 40. ಎಡಕ್ಕೆ, ಬಲಕ್ಕೆ ಇನ್ನೂ ಜಾಸ್ತಿ. ಬಟನ್ ಬಿಡುವ ತನಕ ಇದೇ ಎಣಿಕೆ ಮತ್ತೆ ಮತ್ತೆ ಹೋಗುತ್ತಿರುತ್ತದೆ, ಕಾರಿನ ಐಸಿ ಎಣಿಸಿ ಎಣಿಸಿ ಚಕ್ರ ತಿರುಗಿಸುತ್ತದೆ. ಈಗ ಲೆಕ್ಕ ಹಾಕಿ. ಮುಂದೆ ಅಂತ ಒಂದು ಸಲ ಹೇಳಲು 8 ಮತ್ತು 10, ಒಟ್ಟು 18 ಮಿಲಿಸೆಕೆಂಡ್. ಹಿಂದೆ ಅಂತ ಹೇಳಲು 48. ಸ್ಟಿಯರಿಂಗಿಗೆ ಅದಕ್ಕಿಂತ ಹೆಚ್ಚು. ಕಾರು ಓಡಿಸುವ ಹುಡುಗನಿಗೆ ಇದು ಗೊತ್ತೇ ಆಗುವುದಿಲ್ಲ. ಮಡಿವಾಳ ಹಕ್ಕಿ ನೀರು ಕೊಡವಿ ರೆಕ್ಕೆ ಬಿಚ್ಚುವ ಗಳಿಗೆಗೆ ಕಾಯುತ್ತಿರುವವರಿಗೆ ಗೊತ್ತಾಗುತ್ತದೆ. ಆದ್ದರಿಂದ ಶಟರಿಗೆ ಮುಂದೆ ಬಟನ್ನನ್ನೇ ಇಟ್ಟುಕೊಳ್ಳಿ. ಫೋಕಸ್ಸಿಗೆ ಎಡ ಬಟನ್, ಅಲ್ಲಿ ಅವಸರ ಇಲ್ಲ. ಸುಮಾರು ಜನ ಇದನ್ನು ಉಲ್ಟಾ ಮಾಡಿ, ರಿಮೋಟ್ ನಿಧಾನ ಅಂತ ದೂರುತ್ತಾರೆ.

ಎಂಎಫ್‌ನಲ್ಲಿ ಇಟ್ಟ ಮೇಲೆ ಫೋಕಸ್ ಬಟನ್ ಯಾಕೆ ಅಂತ ಕೇಳಬಹುದು. ಕ್ಯಾಮೆರಾ ಸ್ವಲ್ಪ ಹೊತ್ತು ಸುಮ್ಮನಿದ್ದರೆ ನಿದ್ದೆ ಹೋಗುತ್ತದೆ ಅಲ್ವಾ? ಹಕ್ಕಿ ಬಂದು ಹತ್ತಿರದ ಕೊಂಬೆಯಲ್ಲಿ ಕೂತಾಗ ಎಡ ಬಟನ್ ಒಂದು ಸಲ ಒತ್ತಿ ಎಬ್ಬಿಸಿಡಿ. ತಟ್ಟೆಗೆ ಇಳಿದಾಗ "ಮುಂದೆ" ಬಟನ್ ಒತ್ತಿ. ನಿದ್ದೆಯಿಂದ ಎದ್ದು ಫೋಟೋ ತೆಗೆಯುವ ಕ್ಯಾಮೆರಾಕ್ಕೂ ಎಚ್ಚರ ಇರುವ ಕ್ಯಾಮೆರಾಕ್ಕೂ ಇರುವ ವ್ಯತ್ಯಾಸ ಆ 18 ಮಿಲಿಸೆಕೆಂಡಿಗಿಂತ ಎಷ್ಟೋ ದೊಡ್ಡದು.

ಇನ್ನು ನಡುವಿನ ಸೇತುವೆ. ಕಾರಿನ ಕರೆಂಟನ್ನು ಈಚೆ ಬಿಡದೆ ಸುದ್ದಿ ಮಾತ್ರ ದಾಟಿಸುವ ವಸ್ತುವಿನ ಹೆಸರು ಆಪ್ಟೋಕಪ್ಲರ್. ಪಿಸಿ 817 ಅಂತ ಕೇಳಿದರೆ ಬಿಡಿಭಾಗದ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಕೊಡುತ್ತಾರೆ. ನಿಮಗೆ ಮಣಿಪಾಲ ಹತ್ತಿರ, ಇಂಜಿನಿಯರಿಂಗ್ ಮಕ್ಕಳ ಪ್ರಾಜೆಕ್ಟಿಗೆ ಇಂಥದ್ದು ದಿನಾ ಬೇಕಾಗುತ್ತದೆ. ಕೊಳ್ಳಲೇಬೇಕು ಅಂತಿಲ್ಲ. ಸತ್ತ ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಒಳಗೆ ಟ್ರಾನ್ಸ್‌ಫಾರ್ಮರಿನ ಪಕ್ಕ ನಾಲ್ಕು ಕಾಲಿನ ಕಪ್ಪು ಚೌಕ ಇದ್ದರೆ ಬಹುಪಾಲು ಇದೇ. ಆದರೆ ಹುಷಾರು. ಪ್ಲಗ್ಗಿನಿಂದ ಈಗಷ್ಟೇ ತೆಗೆದ ಅಡಾಪ್ಟರನ್ನು ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಕೂತಿರುತ್ತದೆ. ಒಂದು ದಿನ ಬಿಟ್ಟು ಬಿಚ್ಚಿ. ಆಗಲೂ ಕೈಯಿಡುವ ಮೊದಲು ಮೀಟರಿನಲ್ಲಿ ನೋಡಿ.

ಆಪ್ಟೋಕಪ್ಲರಿನ ಹೊಟ್ಟೆಯಲ್ಲಿ ಒಂದು ಕಡೆ ಸಣ್ಣ ಎಲ್‌ಇಡಿ, ಇನ್ನೊಂದು ಕಡೆ ಬೆಳಕು ಬಿದ್ದರೆ ಸ್ವಿಚ್ಚಿನ ಹಾಗೆ ಕೂಡಿಕೊಳ್ಳುವ ಟ್ರಾನ್ಸಿಸ್ಟರ್. ನಡುವೆ ವೈರ್ ಇಲ್ಲ, ಬೆಳಕು ಮಾತ್ರ. ಮೂಲೆಯಲ್ಲಿ ಚುಕ್ಕೆ ಇರುವ ಕಾಲು ಒಂದನೆಯದು. ಅದರ ಪಕ್ಕದ್ದು ಎರಡು. ಎರಡರ ಎದುರಿನದು ಮೂರು, ಒಂದರ ಎದುರಿನದು ನಾಲ್ಕು. ಒಂದು, ಎರಡು ಎಲ್‌ಇಡಿಯ ಪ್ಲಸ್ ಮತ್ತು ಮೈನಸ್. ಮೂರು, ನಾಲ್ಕು ಕ್ಯಾಮೆರಾದ ಕಡೆ.

ಹಿಂದಿನ ಮೋಟಾರನ್ನು ಕತ್ತರಿಸಿ ತೆಗೆದುಬಿಡಿ. ಮೋಟಾರ್ ಹೋದರೆ ಇನ್ನೊಂದು ಲಾಭ ಇದೆ. ಅದರ ಬ್ರಶ್ಶಿನ ಕಿಡಿ ರೇಡಿಯೋಗೆ ಕೊಡುತ್ತಿದ್ದ ಕಿರುಕುಳವೂ ಹೋಗುತ್ತದೆ. ಕಾರಿಗೆ ಸೆಲ್ ಹಾಕಿ, ಮುಂದೆ ಬಟನ್ ಒತ್ತಿ ಹಿಡಿದು, ಖಾಲಿಯಾದ ಎರಡು ವೈರಿನಲ್ಲಿ ಯಾವುದು ಪ್ಲಸ್ ಅಂತ ಮೀಟರಿನಲ್ಲಿ ನೋಡಿ ಗುರುತು ಮಾಡಿ. ಆ ಪ್ಲಸ್ ವೈರಿಗೆ 330 ಓಮ್ ರೆಸಿಸ್ಟರ್ ಹಾಕಿ. ಕಿತ್ತಳೆ, ಕಿತ್ತಳೆ, ಕಂದು ಗೆರೆ ಇರುವುದು. ರೆಸಿಸ್ಟರಿನ ಇನ್ನೊಂದು ತುದಿ ಒಂದನೇ ಕಾಲಿಗೆ. ಉಳಿದ ವೈರ್ ಎರಡನೇ ಕಾಲಿಗೆ. ನಾಲ್ಕನೇ ಕಾಲಿನಿಂದ ಕ್ಯಾಮೆರಾ ಪಿನ್ನಿನ ತುದಿಗೆ, ಮೂರನೇ ಕಾಲಿನಿಂದ ಪಿನ್ನಿನ ಬುಡಕ್ಕೆ. ಎಲ್‌ಇಡಿ ಸುಮಾರು 1.2 ವೋಲ್ಟ್ ತಿನ್ನುತ್ತದೆ. ಮೋಟಾರ್ ವೈರಿನಲ್ಲಿ 5 ವೋಲ್ಟ್ ಬಂದರೆ ರೆಸಿಸ್ಟರಿನಲ್ಲಿ ಹರಿಯುವುದು 11 ಮಿಲಿಆಂಪಿನಷ್ಟು. ಪಿಸಿ 817 ತಡೆಯುವುದು 50 ಮಿಲಿಆಂಪ್. ಕ್ಯಾಮೆರಾಕ್ಕೆ ಇಷ್ಟು ಧಾರಾಳ. ಎರಡೇ ಸೆಲ್ಲಿನ ಕಾರಾದರೂ ನಾಲ್ಕು ಮಿಲಿಆಂಪ್ ಸಿಗುತ್ತದೆ, ಸಾಕು.

ಒಂದು ಸಣ್ಣ ಜಾಗ್ರತೆ. ಯಾರಾದರೂ ತಪ್ಪಿ ಹಿಂದೆ ಬಟನ್ ಒತ್ತಿದರೆ ಎಲ್‌ಇಡಿಗೆ ಉಲ್ಟಾ ವೋಲ್ಟೇಜ್ ಬೀಳುತ್ತದೆ. ಅದರ ತಾಳಿಕೆ 6 ವೋಲ್ಟ್ ತನಕ. ಹೊಸ ಸೆಲ್ ಹಾಕಿದ ದಿನ ಆ ಗೆರೆಯ ಅಂಚಿಗೇ ಹೋಗಬಹುದು. ಒಂದು 1ಎನ್4148 ಡಯೋಡನ್ನು ಕಾಲು ಒಂದು, ಎರಡರ ನಡುವೆ ಅಡ್ಡ ಹಾಕಿ, ಕಪ್ಪು ಗೆರೆ ಇರುವ ತುದಿ ಒಂದನೇ ಕಾಲಿನ ಕಡೆ ಇರಲಿ. ಉಲ್ಟಾ ಬಂದ ಕರೆಂಟ್ ಅದರ ಮೂಲಕ ಹಾದುಹೋಗುತ್ತದೆ.

ಸ್ಟಿಯರಿಂಗ್ ವೈರಿಗೂ ಇದೇ ಪೂಜೆ, ಇನ್ನೊಂದು ಪಿಸಿ 817. ಅದರ ನಾಲ್ಕನೇ ಕಾಲು ಪಿನ್ನಿನ ಉಂಗುರಕ್ಕೆ, ಮೂರನೆಯದು ಬುಡಕ್ಕೆ.

ರಿಲೇ, ಅಂದರೆ ಕರೆಂಟ್ ಕೊಟ್ಟರೆ ಒಳಗಿನ ತಗಡು ತಾಗಿಕೊಳ್ಳುವ ಸ್ವಿಚ್, ಹಾಕಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಹಾಕಬಹುದು, ತಪ್ಪಿಲ್ಲ. 5 ವೋಲ್ಟಿನ ಸಣ್ಣ ರಿಲೇ 70 ಮಿಲಿಆಂಪ್ ಎಳೆಯುತ್ತದೆ, ಟಕ್ ಅನ್ನುತ್ತದೆ. ಹಕ್ಕಿ ಆ ಟಕ್‌ಗೇ ಹಾರುತ್ತದೆ, ಫೋಟೋದಲ್ಲಿ ಬಾಲ ಮಾತ್ರ. ನನಗೆ ಆಪ್ಟೋ ಸಾಕು.

ಕ್ಯಾಮೆರಾಕ್ಕೆ ಪಿನ್ ಹಾಕುವ ಮೊದಲು ಮೀಟರಿನಲ್ಲಿ ಪರೀಕ್ಷೆ ಮಾಡಿ. ಕೆಂಪು ಕಡ್ಡಿ ಪಿನ್ನಿನ ತುದಿಗೆ, ಕಪ್ಪು ಬುಡಕ್ಕೆ. ಓಮ್‌ನಲ್ಲಿಟ್ಟು ಮುಂದೆ ಬಟನ್ ಒತ್ತಿ. ಅಂಕಿ ದಬಕ್ಕನೆ ಇಳಿಯಬೇಕು. ಬೀಪ್ ಬರಲಿಲ್ಲ ಅಂತ ಗಾಬರಿಯಾಗಬೇಡಿ, ಒಳಗಿರುವುದು ಟ್ರಾನ್ಸಿಸ್ಟರ್, ತಂತಿ ಅಲ್ಲ. ಇದೇ ಹೊತ್ತಿಗೆ ಮೀಟರನ್ನು ವೋಲ್ಟಿಗೆ ತಿರುಗಿಸಿ ಅದೇ ಎರಡು ಜಾಗ ಮುಟ್ಟಿ ನೋಡಿ. ಬಟನ್ ಒತ್ತಿದಾಗಲೂ ಬಿಟ್ಟಾಗಲೂ ಸೊನ್ನೆ ಇರಬೇಕು. ಸೊನ್ನೆ ಅಲ್ಲದಿದ್ದರೆ ಕಾರಿನ ಕರೆಂಟ್ ಎಲ್ಲೋ ಈಚೆ ದಾಟಿದೆ, ಸೋಲ್ಡರ್ ಹನಿ ಪಕ್ಕದ ಕಾಲಿಗೆ ಹರಿದಿದೆ. ಅದು ಸರಿಯಾಗುವ ತನಕ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ.

ಬೋರ್ಡನ್ನು ಇಡಲು ಐಸ್‌ಕ್ರೀಂ ಡಬ್ಬಿ ಸಾಕು. ನಮ್ಮೂರಲ್ಲಿ ಅದಕ್ಕೆ ಬರವೂ ಇಲ್ಲ. ಬಿಸ್ಕತ್ತಿನ ತಗಡಿನ ಡಬ್ಬಿ ಬೇಡ, ರೇಡಿಯೋ ಒಳಗೆ ಬರುವುದಿಲ್ಲ. ಆಂಟೆನಾ ವೈರನ್ನು ಒಂದು ತೂತಿನಿಂದ ಹೊರಗೆ ಬಿಟ್ಟು ನೇರ ಮೇಲಕ್ಕೆ ಒಂದು ಕಡ್ಡಿಗೆ ಕಟ್ಟಿ. ಚಪ್ಪಲಿ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಒಂದು ಒಳಗೆ. ಕೆಲಸ ಮುಗಿದ ಮೇಲೆ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಹಲ್ಲುಜ್ಜುವ ಬ್ರಶ್ಶೇ ಗತಿ.

ನನ್ನ ಕಥೆಯೊಂದು ಹೇಳಬೇಕು. ಮೊದಲ ಸಲ ಇದನ್ನು ಕಟ್ಟಿ ಅಂಗಳದಲ್ಲಿ ಇಟ್ಟು, ಜಗಲಿಯಲ್ಲಿ ಚಾ ಕುಡಿಯುತ್ತಾ ಕೂತಿದ್ದೆ. ನಾನು ಬಟನ್ ಮುಟ್ಟಿಲ್ಲ. ಕ್ಯಾಮೆರಾ ಮಾತ್ರ ಚಕಚಕ ಅಂತ ಹೊಡೆಯುತ್ತಿದೆ. ನಿಲ್ಲುತ್ತದೆ, ಮತ್ತೆ ಹೊಡೆಯುತ್ತದೆ. ಶಾರ್ಟ್ ಆಗಿದೆ ಅಂತ ಹೆದರಿ ಓಡಿ ಪಿನ್ ಕಿತ್ತೆ. ಡಬ್ಬಿ ಬಿಚ್ಚಿದೆ, ಎಲ್ಲ ಸರಿ ಇದೆ. ಮತ್ತೆ ಹಾಕಿದರೆ ಮತ್ತೆ ಚಕಚಕ. ಕಡೆಗೆ ಕಾಂಪೌಂಡಿನ ಆಚೆ ಇಣುಕಿದರೆ ಪಕ್ಕದ ಮನೆಯ ಹುಡುಗ ಕೆಂಪು ಜೀಪ್ ಓಡಿಸುತ್ತಿದ್ದಾನೆ. ಅವನದೂ 27.145, ಅದೇ ಐಸಿ. ಅವನ ಜೀಪ್ ಮುಂದೆ ಹೋದಾಗೆಲ್ಲ ನನ್ನ ಕ್ಯಾಮೆರಾ ಫೋಟೋ ತೆಗೆದಿದೆ. ಕಾರ್ಡಿನಲ್ಲಿ ಖಾಲಿ ತಟ್ಟೆಯ ಫೋಟೋ ನೂರಕ್ಕೂ ಮಿಕ್ಕಿ. ಈ ಆಟಿಕೆಗಳಿಗೆ ನಿನ್ನದು ನನ್ನದು ಅಂತ ಗುರುತಿಲ್ಲ, ಎಣಿಕೆ ಸರಿಯಾದರೆ ಸಾಕು. ತೋಟದ ಮನೆಯಲ್ಲಿ ನಿಮಗೆ ಈ ತೊಂದರೆ ಕಡಿಮೆ. ಪೇಟೆಯಲ್ಲಿರುವವರು ಕ್ರಿಸ್ಟಲ್ ಬೇರೆ ಇರುವ ಕಾರು ಹುಡುಕುವುದು ಒಳ್ಳೆಯದು.

ಹೊಸ 2.4 ಗಿಗಾಹರ್ಟ್ಸ್ ಕಾರುಗಳಲ್ಲಿ ಈ ರಗಳೆ ಇಲ್ಲ, ರಿಮೋಟ್ ಮತ್ತು ಕಾರು ಒಂದನ್ನೊಂದು ಗುರುತು ಹಿಡಿದೇ ಮಾತಾಡುತ್ತವೆ. ಐಸಿಯ ಮೇಲೆ ಹೆಸರಿರುವುದಿಲ್ಲ, ಕಪ್ಪು ಮೇಣದ ಬೊಟ್ಟು ಇಟ್ಟಿರುತ್ತಾರೆ. ನಮಗೆ ಬೇಕಾದದ್ದು ಮೋಟಾರ್ ವೈರ್ ಮಾತ್ರ, ಹಾಗಾಗಿ ಜೋಡಣೆ ಇದೇ. ಆದರೆ ವೇಗ ಹೆಚ್ಚುಕಡಿಮೆ ಮಾಡುವ ಟ್ರಿಗರ್ ಇದ್ದರೆ ಅದನ್ನು ಪೂರ್ತಿ ಎಳೆಯಿರಿ. ಅರ್ಧ ಎಳೆದರೆ ಮೋಟಾರಿಗೆ ಕರೆಂಟ್ ತುಂಡು ತುಂಡಾಗಿ ಹೋಗುತ್ತದೆ. ಕ್ಯಾಮೆರಾಕ್ಕೆ ಅದು ಯಾರೋ ಬಟನನ್ನು ಸೆಕೆಂಡಿಗೆ ನೂರಾರು ಸಲ ಒತ್ತಿ ಬಿಟ್ಟ ಹಾಗೆ. ಇಂಥ ರಿಮೋಟುಗಳು ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾವೇ ಆಫ್ ಆಗುವುದೂ ಉಂಟು. ಹಕ್ಕಿಗೆ ಕಾಯುವ ಕೆಲಸಕ್ಕೆ ಅದು ದೊಡ್ಡ ತಲೆನೋವು.

ತಟ್ಟೆಯ ಹತ್ತಿರದ ಕೆಲಸ. 55ರಲ್ಲಿ ಪಿಕಳಾರದಷ್ಟು ಸಣ್ಣ ಹಕ್ಕಿ ತಕ್ಕಮಟ್ಟಿಗೆ ತುಂಬಬೇಕಾದರೆ ಕ್ಯಾಮೆರಾ ಒಂದು ಮೀಟರ್ ಆಸುಪಾಸಿನಲ್ಲಿರಬೇಕು. ಅಷ್ಟು ಹತ್ತಿರ ಒಮ್ಮೆಲೇ ಕಪ್ಪು ವಸ್ತು ತಂದಿಟ್ಟರೆ ಹಕ್ಕಿ ಎರಡು ದಿನ ಇಳಿಯುವುದಿಲ್ಲ. ಅದೇ ಜಾಗದಲ್ಲಿ ಮೊದಲು ಮೂರು ನಾಲ್ಕು ದಿನ ಚಪ್ಪಲಿ ಡಬ್ಬಿಯನ್ನೋ ಮಗುಚಿದ ಮಡಕೆಯನ್ನೋ ಇಡಿ. ಅಭ್ಯಾಸವಾದ ಮೇಲೆ ಕ್ಯಾಮೆರಾವನ್ನು ಅದರೊಳಗೇ ಕೂರಿಸಿ, ಸುತ್ತ ಒಂದು ಹಳೇ ಟವೆಲ್ ಸುತ್ತಿ. ಫೋಟೋ ತೆಗೆಯುವಾಗ ಕ್ಯಾಮೆರಾದೊಳಗಿನ ಕನ್ನಡಿ ಏಳುವ ಸದ್ದು ಅಷ್ಟರಮಟ್ಟಿಗೆ ಅಡಗುತ್ತದೆ. ತಟ್ಟೆಯ ಅಂಚಿನಲ್ಲಿ ಹಕ್ಕಿ ಕೂರುವ ಜಾಗಕ್ಕೆ ಒಂದು ಕಡ್ಡಿ ಚುಚ್ಚಿ, ಅದಕ್ಕೆ ಕೈಯಲ್ಲೇ ಫೋಕಸ್ ಮಾಡಿ, ಕಡ್ಡಿ ತೆಗೆಯಿರಿ. ಎಫ್ 8, ಶಟರ್ 500ರಲ್ಲಿ ಒಂದು ಸೆಕೆಂಡ್, ಬೆಳಕಿಗೆ ತಕ್ಕ ಐಎಸ್ಒ. ಕಂಟಿನ್ಯುವಸ್‌ನಲ್ಲಿಡಿ. 1200ಡಿ ಸೆಕೆಂಡಿಗೆ ಮೂರು ಹೊಡೆಯುತ್ತದೆ, ಮೊದಲನೆಯದು ತಪ್ಪಿದರೂ ಎರಡನೆಯದು ಸಿಗಬಹುದು. ಬೆಳಿಗ್ಗೆಯಾದರೆ ಸೂರ್ಯ ಕ್ಯಾಮೆರಾದ ಬೆನ್ನಿಗಿರಲಿ. ನೀರಿನ ತಟ್ಟೆಗೆ ಇದೆಲ್ಲ ನಡೆಯುತ್ತದೆ. ಗೂಡಿನ ಹತ್ತಿರ ಮಾತ್ರ ಬೇಡ. ಒಂದು ಮೀಟರಿನಲ್ಲಿ ಟಕ್ ಟಕ್ ಸದ್ದು ಬಂದರೆ ತಾಯಿ ಹಕ್ಕಿ ಮೊಟ್ಟೆ ಬಿಟ್ಟೇ ಹೋಗಬಹುದು.

ಶುರು ಮಾಡುವಾಗ ಕ್ರಮ ನೆನಪಿಡಿ. ಮೊದಲು ರಿಮೋಟ್ ಆನ್, ಆಮೇಲೆ ಡಬ್ಬಿ ಆನ್, ಕಡೆಗೆ ಪಿನ್ ಕ್ಯಾಮೆರಾಕ್ಕೆ. ಡಬ್ಬಿ ಆನ್ ಆಗುವಾಗ ಒಮ್ಮೊಮ್ಮೆ ತಾನಾಗಿ ಒಂದು ಮಿಡಿತ ಬರುತ್ತದೆ. ನಿಲ್ಲಿಸುವಾಗ ಇದೇ ಉಲ್ಟಾ.

ಕಾರು ಬಿಚ್ಚಿದ ಮೇಲೆ ಬೋರ್ಡಿನಲ್ಲಿ ಏನಾದರೂ ತಿಳಿಯದಿದ್ದರೆ ಎರಡೂ ಬದಿಯ ಫೋಟೋ ತೆಗೆದು ಕಳಿಸಿ. ಬೆಳಕು ಓರೆಯಾಗಿ ಬೀಳಲಿ, ಇಲ್ಲದಿದ್ದರೆ ಐಸಿಯ ಮೇಲಿನ ಅಕ್ಷರ ಕಾಣುವುದಿಲ್ಲ. ಸೆಲ್ ಎಷ್ಟು ಹಾಕುತ್ತದೆ ಅನ್ನುವುದನ್ನೂ ಬರೆಯಿರಿ.